ಗಡಿಯ ಸುಲಿಗೆ ಮತ್ತು ಮರಣದಂಡನೆ: ಪೂರ್ಣಯ್ಯನವರ ಕಾಲದ ಮೈಸೂರಿನ ದಂಡನೀತಿಯಲ್ಲಿ ಒಂದು ವಿಚಾರ

ಶಿಕ್ಷೆಯ ಕ್ರೌರ್ಯವನ್ನೋ ಸೌಮ್ಯತೆಯನ್ನೋ ಹಿಡಿದು ಒಂದು ರಾಜ್ಯದ ನಾಗರಿಕತೆಯನ್ನು ಅಳೆಯುವುದು ಚರಿತ್ರಕಾರರಲ್ಲಿ ರೂಢಿಯಾಗಿದೆ. ಈ ಅಳತೆಗೋಲು ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದನ್ನು ಮೈಸೂರು ಸಂಸ್ಥಾನದ ಒಂದು ನಿಯಮದ ಮೂಲಕ ಪರೀಕ್ಷಿಸುವುದು ನಮ್ಮ ಉದ್ದೇಶ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ದಿವಾನ್ ಪೂರ್ಣಯ್ಯನವರು 1811ರ ವರೆಗೆ ರಾಜ್ಯಭಾರವನ್ನು ನಡೆಸಿದರು. ಆಗ ರೆಸಿಡೆಂಟರ ಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಮಾರ್ಕ್ ವಿಲ್ಕ್ಸ್ ಎಂಬುವರು ಸಂಸ್ಥಾನದ ಆಡಳಿತವನ್ನು ಕುರಿತು ಬರೆದ ವರದಿಯು 1805ರಲ್ಲಿ ಅಚ್ಚಾಯಿತು. ಅದರ ಪ್ರಕಾರ, ಘೋರಾಪರಾಧಗಳ ವಿಚಾರಣೆಯು ಕಚೇರಿಯಲ್ಲಿ ಬಹಿರಂಗವಾಗಿ ಪಂಚಾಯಿತರ ಮುಂದೆ ನಡೆಯಬೇಕು. ಮೊಕದ್ದಮೆಯಲ್ಲಿ ಸ್ವಾರ್ಥವಿಲ್ಲದ ಗೌರವಸ್ಥರು ಅಲ್ಲಿ ಕುಳಿತುಕೊಳ್ಳಬಹುದು. ಆಪಾದಿತನ ಹೇಳಿಕೆಯೂ ಅವನು ಕರೆಸಿದ ಸಾಕ್ಷಿಗಳ ಮಾತೂ ದಾಖಲೆಯಲ್ಲಿ ಸೇರಬೇಕು. ಪ್ರಾಣಕ್ಕೆ ಸಂಬಂಧಿಸಿದ ತೀರ್ಪನ್ನು ರೆಸಿಡೆಂಟರ ಅಭಿಪ್ರಾಯವನ್ನು ಪಡೆದು ದಿವಾನರೇ ಕೊಡತಕ್ಕದ್ದು. ಕಳವು ದರೋಡೆಗಳಿಗೆ ಸೆರೆಮನೆ ಮತ್ತು ಕಠಿಣ ದುಡಿಮೆ. ಮರಣದಂಡನೆಯಾದರೋ ಎರಡೇ ಅಪರಾಧಗಳಿಗೆ: ಒಂದು ಕೊಲೆ, ಇನ್ನೊಂದು ಗಡಿಪ್ರಾಂತದ ಸುಲಿಗೆ.

ಇದೇ ಕಾಲದ ಇಂಗ್ಲೆಂಡಿನ ಸ್ಥಿತಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಹನ್ನೆರಡು ಪೆನ್ನಿಗಿಂತ ಹೆಚ್ಚು ಬೆಲೆಯ ಕಳವು ಅಲ್ಲಿ ಬಹುಕಾಲದಿಂದ ಘೋರಾಪರಾಧವೆನಿಸಿತ್ತು. 1699ರ ಶಾಸನವು ಅಂಗಡಿಯಿಂದ ಐದು ಷಿಲ್ಲಿಂಗಿನ ಸರಕನ್ನು ಕದ್ದವನಿಗೆ ನೇಣನ್ನು ವಿಧಿಸಿತು. 1723ರ ‘ಕಪ್ಪು ಶಾಸನ’ವು ಮುಖಕ್ಕೆ ಮಸಿ ಬಳಿದುಕೊಂಡು ಶ್ರೀಮಂತರ ವನಗಳಲ್ಲಿ ಜಿಂಕೆಯನ್ನು ಬೇಟೆಯಾಡುವುದನ್ನೂ ಮರಣಾರ್ಹವನ್ನಾಗಿ ಮಾಡಿತು. ಹತ್ತೊಂಬತ್ತನೆಯ ಶತಮಾನದ ಆರಂಭದ ವೇಳೆಗೆ ಇಂಥ ಅಪರಾಧಗಳ ಸಂಖ್ಯೆಯು ಇನ್ನೂರರಷ್ಟಾಗಿತ್ತು. ನೇಣಿಗೆ ಗುರಿಯಾದವರಲ್ಲಿ ಅನೇಕರಿಗೆ ಕ್ಷಮೆ ದೊರೆತು ಅವರು ಗಡೀಪಾರಾಗುತ್ತಿದ್ದರೆಂಬುದು ನಿಜ. ಆದರೂ ಕಾಗದದ ಮೇಲೆ ಇನ್ನೂರಕ್ಕೂ ಎರಡಕ್ಕೂ ಇರುವ ಅಂತರವು ಸಣ್ಣದಲ್ಲ.

ಇದರಿಂದ ಮೈಸೂರಿನ ಪ್ರಭುತ್ವವು ಸ್ವಭಾವತಃ ದಯಾಳುವಾಗಿತ್ತೆಂದು ನಿರ್ಧರಿಸಬಹುದೆ? ಹಾಗೆ ಹೇಳುವುದು ಆತುರದ ಮಾತಾದೀತು. ಕನ್ನಡನಾಡಿನ ಹಿಂದಿನ ದಂಡನೀತಿಯು ಕಠೋರವಾಗಿಯೇ ಇದ್ದಿತು. ಹದಿನಾರನೆಯ ಶತಮಾನದಲ್ಲಿ ವಿಜಯನಗರವನ್ನು ವರ್ಣಿಸಿದ ಪೋರ್ಚುಗೀಸ್ ವರ್ತಕ ನ್ಯೂನಿಜ್, ಕಳ್ಳನ ಕೈಕಾಲುಗಳನ್ನು ಕಡಿಸುತ್ತಿದ್ದುದನ್ನೂ ರಾಜದ್ರೋಹಿಯನ್ನು ಶೂಲಕ್ಕೇರಿಸುತ್ತಿದ್ದುದನ್ನೂ ಹೇಳಿದ್ದಾನೆ. ಇದಲ್ಲದೆ ವಿಲ್ಕ್ಸರು ಕಂಪನಿಯ ಅಧಿಕಾರಿ. ಕಂಪನಿಯೇ ಸ್ಥಾಪಿಸಿದ ಏರ್ಪಾಡನ್ನು ಅವರು ಹೊಗಳಿದುದರಲ್ಲಿ ಆಶ್ಚರ್ಯವಿಲ್ಲ. ನಿಯಮವು ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಹಾಗೆಯೇ ನಡೆಯಿತೆಂಬುದಕ್ಕೆ ಅವರ ವರದಿಯೊಂದೇ ಪ್ರಮಾಣವಾಗಲಾರದು. ಕೆಳಗಿನ ನೌಕರರ ಕೈಯಲ್ಲಿ ಅಪಾಯಕರವಾದ ಆಯುಧವಾಗುವುದೆಂದು ಜುಲ್ಮಾನೆಯನ್ನು ಆಗ ಆದಷ್ಟು ತಡೆಯುತ್ತಿದ್ದರೆಂದು ಅದೇ ವರದಿಯು ತಿಳಿಸುತ್ತದೆ. ಹಣ ಕೀಳುವ ಚಾಳಿಯು ಇದ್ದುದರಿಂದಲೇ ಈ ಎಚ್ಚರಿಕೆಯು ಬೇಕಾಯಿತಲ್ಲವೆ?

ಆದ್ದರಿಂದ ದಯೆ ಕ್ರೌರ್ಯಗಳ ವಾದವನ್ನು ಬಿಟ್ಟು ಬೇರೊಂದು ಪ್ರಶ್ನೆಯನ್ನು ಕೇಳಬೇಕು. ಒಳನಾಡಿನ ದರೋಡೆಗೆ ಸೆರೆಮನೆಯು ಸಾಕಾಗಿದ್ದರೆ ಗಡಿಯ ಸುಲಿಗೆಗೆ ಮಾತ್ರ ಮರಣವೇಕೆ?

ಉತ್ತರವನ್ನು ಗ್ರಾಮದ ಕಾವಲಿನಲ್ಲಿ ಹುಡುಕಬೇಕೆಂದು ನಮಗೆ ತೋರುತ್ತದೆ. ಗ್ರಾಮದ ಆಯಗಾರರಲ್ಲಿ ತಳವಾರ ಮತ್ತು ತೋಟಿ ಎಂಬ ಇಬ್ಬರು ಕಾವಲಿಗೆ ಸಂಬಂಧಪಟ್ಟವರು. ಅಪರಾಧದ ಸುಳಿವು ಹಿಡಿಯುವುದು, ಪ್ರಯಾಣಿಕರನ್ನು ಮುಂದಿನ ಊರಿಗೆ ಮುಟ್ಟಿಸುವುದು ತಳವಾರನ ಕೆಲಸ; ಊರೊಳಗಿನ ಕಾವಲೂ ಪೈರಿನ ರಕ್ಷಣೆಯೂ ತೋಟಿಯದು. ಇವರ ಮೇಲೆ ತಾಲ್ಲೂಕಿನಲ್ಲಿ ಕಂದಾಚಾರದ ಜವಾನರಿದ್ದರು. ಊರಿಗೆ ಬಂದ ಹೊಸಬನಾರು, ರಾತ್ರಿ ಮನೆಯಲ್ಲಿಲ್ಲದವನಾರು ಎಂಬುದನ್ನು ಈ ಕಾವಲುಗಾರರು ಬಲ್ಲರು. ಕಳ್ಳನು ಸಿಕ್ಕಿಬೀಳುವ ಸಂಭವವು ಹೆಚ್ಚಾಗಿರುವಲ್ಲಿ ಶಿಕ್ಷೆಯು ಭಯಂಕರವಾಗಿರಬೇಕಾದುದಿಲ್ಲ.

ಗಡಿಯಲ್ಲಿ ಈ ಕಾವಲು ತುಂಡಾಗುತ್ತದೆ. ಯಳಂದೂರು ಸೀಮೆಯನ್ನೇ ನೋಡೋಣ. 1807ರಲ್ಲಿ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾದ ಈ ಸೀಮೆಯು ಸಂಸ್ಥಾನದ ಆಗ್ನೇಯ ಅಂಚಿನಲ್ಲಿತ್ತು. ಇಲ್ಲಿಯ ಮಾಂಬಳ್ಳಿಗೆ ಕೊಳ್ಳೇಗಾಲವು ನೆರೆಯ ಸೀಮೆ. ಎರಡು ಕಡೆಯೂ ಒಂದೇ ಭಾಷೆ. ಆದರೆ 1799ರಿಂದ ಕೊಳ್ಳೇಗಾಲವು ಕಂಪನಿಯ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಾಂಬಳ್ಳಿಯ ಕಡೆ ಸುಲಿಗೆ ಮಾಡಿದವನು ಒಂದು ರಾತ್ರಿ ನಡೆದರೆ ಬೇರೊಂದು ನ್ಯಾಯಾಲಯದ, ಬೇರೊಂದು ಕಾನೂನಿನ ನೆಲವನ್ನು ಸೇರಬಹುದಾಗಿತ್ತು. ಬಿಳಿಗಿರಿರಂಗನ ಬೆಟ್ಟದ ಕಾಡು ಹತ್ತಿರದಲ್ಲೇ ಇತ್ತು. ಇಂಥ ಎಡೆಯಲ್ಲಿ ತಳವಾರನ ತಿಳಿವಳಿಕೆಯು ಗಡಿಕಲ್ಲಿನ ಬಳಿ ನಿಂತುಹೋಗುವುದು ಸಹಜ. ಗಡಿಯ ಸುಲಿಗೆಯು ನೆರೆಯ ಪ್ರಭುತ್ವದೊಡನೆ ಮನಸ್ತಾಪಕ್ಕೂ ಕಾರಣವಾಗಬಲ್ಲುದು. ಕಾವಲಿನ ಕೊರತೆಯನ್ನು ಭಯದಿಂದ ತುಂಬುವ ಪ್ರಯತ್ನವೇ ಈ ಮರಣದಂಡನೆಯೆಂದು ನಾವು ಊಹಿಸುತ್ತೇವೆ.

ಇಂಗ್ಲೆಂಡಿನ ಚರಿತ್ರೆಯು ಈ ಊಹೆಯನ್ನು ಪುಷ್ಟೀಕರಿಸುತ್ತದೆ. 1285ರ ವಿಂಚೆಸ್ಟರ್ ಶಾಸನವು ಕಳ್ಳನನ್ನು ಕೂಗಿ ಬೆನ್ನಟ್ಟುವ ಹೊಣೆಯನ್ನು ಜನರ ಮೇಲೆಯೇ ಹಾಕಿ, ಅವನು ಸಿಕ್ಕದಿದ್ದರೆ ನಷ್ಟವನ್ನು ಆ ಪ್ರಾಂತದವರೇ ತುಂಬಿಕೊಡಬೇಕೆಂದು ವಿಧಿಸಿತ್ತು. ಅದು ಒಬ್ಬರನ್ನೊಬ್ಬರು ಬಲ್ಲ ಹಳ್ಳಿಗಳಿಗೆ ತಕ್ಕ ಏರ್ಪಾಡು. ಲಂಡನ್ ಬೆಳೆದು ಅಪರಿಚಿತರ ನಗರವಾದಾಗ ಸಂಬಳವಿಲ್ಲದ ಕಾನ್‌ಸ್ಟೇಬಲನಿಂದ ಆ ಕಾವಲು ಸಾಗಲಿಲ್ಲ. ನೇಣುಗಂಬಕ್ಕೆ ಗುರಿಯಾಗುವ ಅಪರಾಧಗಳು ಹೆಚ್ಚುತ್ತ ಹೋದುದು ಆ ಶತಮಾನದಲ್ಲಿಯೇ. 1829ರಲ್ಲಿ ರಾಬರ್ಟ್ ಪೀಲನು ಲಂಡನ್ ಪೊಲೀಸ್ ಪಡೆಯನ್ನು ಸ್ಥಾಪಿಸಿದ ಕಾಲದಲ್ಲಿಯೇ ಮರಣಶಾಸನಗಳು ಒಂದೊಂದಾಗಿ ರದ್ದಾದುವು. ಸುಧಾರಕರ ಮಾನವೀಯತೆಗೆ ಇದರಲ್ಲಿ ಪಾಲಿಲ್ಲವೆಂದಲ್ಲ; ಆದರೆ ಕಾವಲು ಬಲವಾದ ಮೇಲೆ ಆ ಮಾನವೀಯತೆಯು ಸುಲಭಸಾಧ್ಯವಾಯಿತು. ಶಿಕ್ಷೆಯ ಉಗ್ರತೆಗಿಂತ ನಿಶ್ಚಯವೇ ಅಪರಾಧವನ್ನು ತಡೆಯುವುದೆಂದು ಇಟಲಿಯ ಬೆಕ್ಕಾರಿಯಾ 1764ರಲ್ಲಿಯೇ ವಾದಿಸಿದ್ದನು.

ಹೀಗೆ ನೋಡಿದರೆ ಇಂಗ್ಲೆಂಡಿನ ಇನ್ನೂರು ಮರಣಶಾಸನಗಳೂ ಮೈಸೂರಿನ ಒಂದು ಗಡಿನಿಯಮವೂ ಒಂದೇ ಕಾರಣದ ಎರಡು ರೂಪಗಳು. ಪ್ರಭುತ್ವದ ಕಣ್ಣು ಮುಟ್ಟದ ಕಡೆ ಅದರ ಕೈ ಕ್ರೂರವಾಗುತ್ತದೆ. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿ, ಮಾಂಬಳ್ಳಿಯ ನೆರೆಯ ಆ ಗಡಿಯು ಅಳಿದುಹೋಯಿತು. ಆದರೆ ಅಪರಾಧ ಹೆಚ್ಚಿತೆಂಬ ಕೂಗೆದ್ದಾಗಲೆಲ್ಲ ಶಿಕ್ಷೆಯನ್ನು ಉಗ್ರಗೊಳಿಸಬೇಕೆಂಬ ಬೇಡಿಕೆಯು ಇಂದಿಗೂ ಕೇಳಿಬರುತ್ತದೆ. ಆಗ ಮೊದಲು ವಿಚಾರಿಸಬೇಕಾದುದು ಶಿಕ್ಷೆ ಸಾಲದೆ ಹೋಯಿತೆ ಎಂಬುದನ್ನಲ್ಲ, ಕಾವಲು ಎಲ್ಲಿ ತುಂಡಾಯಿತು ಎಂಬುದನ್ನು.