ಮೂರನೆಯ ರೋಮ್: ಎಚ್ಚರಿಕೆಯೋ ಹಕ್ಕುಪತ್ರವೋ? ರಷ್ಯಾದ ವಿದೇಶಾಂಗ ಚಿಂತನೆಯ ಪಂಥಗಳು

1470ರ ಆಸುಪಾಸಿನಲ್ಲಿ ರಷ್ಯಾದ ಟ್ವೆರ್ ನಗರದ ವರ್ತಕ ಅಫಾನಸಿ ನಿಕಿತಿನ್ ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರಿನಲ್ಲಿ ಕೆಲಕಾಲ ನೆಲೆಸಿದ್ದನು. ಮುಧೋಳದ ಘೋರ್ಪಡೆ ಮನೆತನದ ಪೂರ್ವಜರು ಇದೇ ಸುಲ್ತಾನರ ಸೈನ್ಯದಲ್ಲಿ ಸೇವೆ ಸಲ್ಲಿಸುತ್ತಿದ್ದರೆಂದು ಆ ಮನೆತನದ ಪರಂಪರೆ ಹೇಳುವ ಕಾಲವದು. ವೋಲ್ಗಾ ನದಿ ಸಮುದ್ರ ಸೇರುವ ಕಡೆ ನಡೆದ ದರೋಡೆಯಲ್ಲಿ ನಿಕಿತಿನ್ ತನ್ನ ಧರ್ಮಗ್ರಂಥಗಳನ್ನು ಕಳೆದುಕೊಂಡಿದ್ದನು. ಆದ್ದರಿಂದ ಪುನರುತ್ಥಾನದ ಹಬ್ಬ ಯಾವ ದಿನ ಬರುವುದೆಂಬುದೂ ಅವನಿಗೆ ತಿಳಿಯದಾಯಿತು. ಜುನ್ನರಿನಲ್ಲಿ ಅಲ್ಲಿಯ ಅಧಿಕಾರಿ ಅವನ ಕುದುರೆಯನ್ನು ಕಸಿದುಕೊಂಡು, ಮತ ಬದಲಿಸಿದರೆ ಮಾತ್ರ ಹಿಂದಿರುಗಿಸುವೆನೆಂದನು. ಬೆನ್ನ ಹಿಂದೆ ಯಾವ ರಾಜನೂ ಇಲ್ಲದ, ಕೈಯಲ್ಲಿ ಗ್ರಂಥವೂ ಇಲ್ಲದ ಈ ವಿಶ್ವಾಸಿ ತನ್ನ ಪ್ರವಾಸಕಥನದಲ್ಲಿ ಒಂದು ಪ್ರಾರ್ಥನೆಯನ್ನು ಬರೆದಿಟ್ಟನು. ರಷ್ಯಾದಂತಹ ನಾಡು ಲೋಕದಲ್ಲಿಲ್ಲ, ದೇವರು ಅದನ್ನು ಕಾಪಾಡಲಿ. ಆದರೆ ಅದರ ಒಡೆಯರು ಅನ್ಯಾಯಗಾರರು, ಅಲ್ಲಿ ನ್ಯಾಯ ನೆಲೆಸಲಿ ಎಂಬುದು ಅದರ ತಾತ್ಪರ್ಯ. ಈ ಮಾತನ್ನು ಅವನು ರಷ್ಯನ್ ಭಾಷೆಯಲ್ಲಿ ಬರೆಯದೆ ಪೂರ್ವದೇಶದ ವರ್ತಕರ ಮಿಶ್ರಭಾಷೆಯಲ್ಲಿ ಬರೆದನು.

ನಾಡಿನ ಮೇಲಣ ಪ್ರೀತಿ ಮತ್ತು ನಾಡಿನ ಆಳರಸರ ಮೇಲಣ ತೀರ್ಪು ಈ ಪ್ರಾರ್ಥನೆಯಲ್ಲಿ ಒಂದಾಗಿವೆ. ರಷ್ಯಾ ಲೋಕದೊಡನೆ ಹೇಗೆ ವರ್ತಿಸಬೇಕೆಂಬ ವಿಷಯದಲ್ಲಿ ಮುಂದೆ ಹುಟ್ಟಿದ ಪಂಥಗಳನ್ನು ಪರೀಕ್ಷಿಸುವುದಕ್ಕೆ ಇದೊಂದು ಒಳ್ಳೆಯ ಅಳತೆಗೋಲು. ಈ ಎರಡನ್ನು ಒಟ್ಟಿಗೆ ಹಿಡಿದ ಪಂಥ ಯಾವುದು, ಬೇರ್ಪಡಿಸಿದ್ದು ಯಾವುದು?

1. ಪ್ಸ್ಕೋವಿನ ಸನ್ಯಾಸಿಯ ಪತ್ರ

1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು. 1472ರಲ್ಲಿ ಮಾಸ್ಕೋದ ಮೂರನೆಯ ಇವಾನನು ಬೈಜಾಂಟಿಯಮ್ಮಿನ ಕೊನೆಯ ಚಕ್ರವರ್ತಿಯ ಸೋದರಪುತ್ರಿ ಸೋಫಿಯಾಳನ್ನು ವಿವಾಹವಾದನು. ಹದಿನಾರನೆಯ ಶತಮಾನದ ಮೊದಲ ದಶಕಗಳಲ್ಲಿ ಪ್ಸ್ಕೋವಿನ ಸನ್ಯಾಸಿ ಫಿಲೊಫೇಯನ ಹೆಸರಿನಲ್ಲಿ ಕೆಲವು ಪತ್ರಗಳು ಹೊರಟವು. ಮೊದಲ ರೋಮ್ ಪಾಷಂಡಮತದಿಂದ ಬಿದ್ದಿತು, ಎರಡನೆಯದು ಸತ್ಯವಿಶ್ವಾಸವನ್ನು ಬಿಟ್ಟದ್ದರಿಂದ ಬಿದ್ದಿತು, ಈಗ ನಿಂತಿರುವುದು ಮಾಸ್ಕೋ, ನಾಲ್ಕನೆಯ ರೋಮಿಗೆ ಅವಕಾಶವಿಲ್ಲ ಎಂಬುದು ಆ ಪತ್ರಗಳ ವಾದ.

ಈ ವಾದವನ್ನು ಸಾಮ್ರಾಜ್ಯದ ಘೋಷಣೆಯೆಂದು ಓದುವುದು ರೂಢಿಯಾಗಿದೆ. ಪತ್ರದ ಸಂದರ್ಭವಾದರೋ ಬೇರೆ. 1510ರಲ್ಲಿ ಮಾಸ್ಕೋ ಪ್ಸ್ಕೋವಿನ ಸ್ವಾತಂತ್ರ್ಯವನ್ನು ಕಿತ್ತುಕೊಂಡಿತ್ತು. ಆ ಪತ್ರಗಳು ಅರಸನಿಗೆ ಸಭೆಯ ಆಸ್ತಿಯನ್ನು ಮುಟ್ಟಬಾರದೆಂದು ಹೇಳುತ್ತವೆ. ಬರಿದಾಗಿರುವ ಬಿಷಪರ ಪೀಠವನ್ನು ತುಂಬಬೇಕೆಂದು ಕೇಳುತ್ತವೆ. ನಾಲ್ಕನೆಯ ರೋಮ್ ಇಲ್ಲವೆಂಬುದರ ಅರ್ಥ, ನೀನೂ ತಪ್ಪಿದರೆ ಮುಂದೆ ಗತಿಯಿಲ್ಲವೆಂಬುದು. ಅದು ಎಚ್ಚರಿಕೆ. ಆಮೋಸನ ಪುಸ್ತಕದಲ್ಲಿ ಆಯ್ಕೆಯಾದ ಜನಾಂಗಕ್ಕೇ ಮೊದಲು ದಂಡನೆ ಬರುವ ತರ್ಕವೂ (3:2) ಇದೇ. 1589ರಲ್ಲಿ ಮಾಸ್ಕೋದಲ್ಲಿ ಪೇಟ್ರಿಯಾರ್ಕರ ಪೀಠ ಸ್ಥಾಪನೆಯಾದಾಗ ಆ ಮಾತು ಅಧಿಕೃತ ಶಾಸನದಲ್ಲಿ ಸೇರಿತು. ಅದು ರಾಜಕೀಯ ಸಿದ್ಧಾಂತವಾಗಿ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಎಚ್ಚರಿಕೆಯು ಹಕ್ಕುಪತ್ರವಾಗುವುದಕ್ಕೆ ಮೂರು ಶತಮಾನಗಳು ಹಿಡಿದವು.

2. ಪಾಶ್ಚಾತ್ಯವಾದಿಗಳೂ ಸ್ಲಾವ್‌ಪ್ರಿಯರೂ

ಮಹಾ ಪೀಟರನು 1721ರಲ್ಲಿ ಪೇಟ್ರಿಯಾರ್ಕರ ಪೀಠವನ್ನು ರದ್ದುಪಡಿಸಿ, ಸಭೆಯನ್ನು ಒಂದು ಸಿನೊಡಿನ ಮೂಲಕ ಸರ್ಕಾರದ ಇಲಾಖೆಯಂತೆ ಮಾಡಿದನು. ಯೂರೋಪನ್ನು ಅನುಸರಿಸಬೇಕೇ ಎಂಬ ಪ್ರಶ್ನೆ ಅವನ ಕಾಲದಿಂದ ರಷ್ಯಾವನ್ನು ಬಿಡಲಿಲ್ಲ. 1836ರಲ್ಲಿ ಚಾದಾಯೆವನು ತನ್ನ ತಾತ್ವಿಕ ಪತ್ರದಲ್ಲಿ, ಪಾಶ್ಚಾತ್ಯ ಕ್ರೈಸ್ತಲೋಕದಿಂದ ಬೇರ್ಪಟ್ಟ ರಷ್ಯಾ ಇತಿಹಾಸಕ್ಕೆ ಏನನ್ನೂ ನೀಡಿಲ್ಲವೆಂದು ಬರೆದನು. ಸರ್ಕಾರ ಅವನನ್ನು ಹುಚ್ಚನೆಂದು ಸಾರಿತು.

ಅವನಿಗೆ ಉತ್ತರವಾಗಿ ಎದ್ದ ಸ್ಲಾವ್‌ಪ್ರಿಯರು ರಷ್ಯಾದ ಸತ್ವವನ್ನು ಸಭೆಯ ಅನ್ಯೋನ್ಯತೆಯಲ್ಲಿ ಕಂಡರು. ಅವರಲ್ಲಿ ಹಿರಿಯನಾದ ಖೊಮ್ಯಾಕೋವನು ದೇಶವನ್ನು ಪ್ರೀತಿಸಿದಷ್ಟೇ ತೀವ್ರವಾಗಿ ಅದರ ಪಾಪವನ್ನೂ ಕಂಡವನು. 1854ರಲ್ಲಿ, ಕ್ರಿಮಿಯ ಯುದ್ಧದ ನಡುವೆ, ಜೀತಪದ್ಧತಿಯನ್ನೂ ನ್ಯಾಯಾಲಯಗಳ ಅನ್ಯಾಯವನ್ನೂ ಹೆಸರಿಸಿ ಅವನು ರಷ್ಯಾವನ್ನು ಪಶ್ಚಾತ್ತಾಪಕ್ಕೆ ಕರೆದನು. ಬೇತ್ಲೆಹೇಮ್, ಯೆರೂಸಲೇಮುಗಳ ಪವಿತ್ರಸ್ಥಳಗಳ ಹಕ್ಕಿನ ತಕರಾರಿನಿಂದ ಹೊತ್ತಿಕೊಂಡ ಯುದ್ಧದಲ್ಲಿ ಅಂತಹ ಮಾತು ಯಾರಿಗೂ ರುಚಿಸಲಿಲ್ಲ.

ಒಂದು ತಲೆಮಾರಿನೊಳಗೆ ಈ ಧ್ವನಿ ಬದಲಾಯಿತು. 1869ರಲ್ಲಿ ಪ್ರಕಟವಾಗತೊಡಗಿದ ‘ರಷ್ಯಾ ಮತ್ತು ಯೂರೋಪ್’ ಗ್ರಂಥದಲ್ಲಿ ದಾನಿಲೆವ್ಸ್ಕಿಯು, ಒಂದೊಂದು ನಾಗರಿಕತೆಯೂ ಪ್ರತ್ಯೇಕವಾದದ್ದು, ಸ್ಲಾವ್ ಜನಾಂಗಗಳು ಕಾನ್‌ಸ್ಟಾಂಟಿನೋಪಲನ್ನು ರಾಜಧಾನಿಯಾಗಿಟ್ಟುಕೊಂಡು ಒಂದಾಗಬೇಕು ಎಂದು ವಾದಿಸಿದನು. ಆತ್ಮತ್ಯಾಗದ ನಿಯಮ ವ್ಯಕ್ತಿಗೆ ಸಲ್ಲುವುದು, ರಾಜ್ಯಕ್ಕೆ ಸಲ್ಲದು ಎಂದೂ ಹೇಳಿದನು. ಇಲ್ಲಿ ಪ್ರೀತಿ ಉಳಿದು ತೀರ್ಪು ಕಳಚಿಹೋಯಿತು. ಇದಕ್ಕೆ ತಕ್ಕ ಉತ್ತರ ಕೊಟ್ಟವನು ವ್ಲಾದಿಮಿರ್ ಸೊಲೊವ್ಯೋವ್. ಒಂದು ರಾಷ್ಟ್ರದ ನಿಜವಾದ ಕರೆಯನ್ನು ಅದರ ಸ್ವಾಭಿಮಾನದಲ್ಲಿ ಹುಡುಕಬಾರದು, ದೇವರ ಸಂಕಲ್ಪದಲ್ಲಿ ಹುಡುಕಬೇಕೆಂಬುದು 1888ರ ಅವನ ಪ್ರಬಂಧದ ತಿರುಳು.

3. ಯೂರೇಷ್ಯದ ಆಕರ್ಷಣೆ

1921ರಲ್ಲಿ ಸೋಫಿಯಾ ನಗರದಲ್ಲಿದ್ದ ನಾಲ್ವರು ದೇಶಭ್ರಷ್ಟ ವಿದ್ವಾಂಸರು ‘ಪೂರ್ವಾಭಿಮುಖ ನಿರ್ಗಮನ’ ಎಂಬ ಸಂಕಲನವನ್ನು ಪ್ರಕಟಿಸಿದರು. ರಷ್ಯಾ ಯೂರೋಪೂ ಅಲ್ಲ, ಏಷ್ಯವೂ ಅಲ್ಲ. ಅದು ಯೂರೇಷ್ಯವೆಂಬ ಪ್ರತ್ಯೇಕ ಲೋಕ ಎಂಬುದು ಅವರ ಮತ. ಆ ನಾಲ್ವರಲ್ಲಿ ಒಬ್ಬರು ನಮ್ಮ ದೈವಶಾಸ್ತ್ರದ ತರಗತಿಗಳಿಗೆ ಪರಿಚಿತರಾದ ಜಾರ್ಜ್ ಫ್ಲೊರೊವ್ಸ್ಕಿ. ಕೆಲವೇ ವರ್ಷಗಳಲ್ಲಿ ಅವರು ಆ ಗುಂಪನ್ನು ತೊರೆದು, 1928ರಲ್ಲಿ ಅದನ್ನು ಒಂದು ಶೋಧನೆಯೆಂದು ಕರೆದು ಲೇಖನ ಬರೆದರು. ಭೂಪಟವು ಸುವಾರ್ತೆಯ ಸ್ಥಾನವನ್ನು ಆಕ್ರಮಿಸುತ್ತಿದೆ ಎಂಬುದು ಅವರ ಆತಂಕವಾಗಿತ್ತು. ಮುಂದೆ ಅವರು ಸಭೆಗಳ ವಿಶ್ವ ಒಕ್ಕೂಟದ ಸ್ಥಾಪಕರ ಸಾಲಿನಲ್ಲಿ ನಿಂತರು. ಅತ್ತ ಸೋವಿಯತ್ ನಾಡಿನಲ್ಲಿ ಅಸಂಖ್ಯ ಪಾದ್ರಿಗಳೂ ವಿಶ್ವಾಸಿಗಳೂ ರಾಜ್ಯದ ಕೈಯಲ್ಲಿ ಹತರಾದರು.

4. 1991ರ ನಂತರ

ಸೋವಿಯತ್ ಒಕ್ಕೂಟ ಕುಸಿದ ಮೇಲೆ ಹಳೆಯ ಪಂಥಗಳು ಹೊಸ ಉಡುಪಿನಲ್ಲಿ ಬಂದವು. ವಿದ್ವಾಂಸರು ಇವನ್ನು ಸ್ಥೂಲವಾಗಿ ಮೂರೆಂದು ಗುರುತಿಸುತ್ತಾರೆ. ಪಾಶ್ಚಾತ್ಯವಾದಿಗಳ ಮುಖ 1996ರವರೆಗೆ ವಿದೇಶಾಂಗ ಸಚಿವರಾಗಿದ್ದ ಕೊಜಿರೆವ್. ಅವರ ಬಳಿಕ ಬಂದ ಪ್ರಿಮಕೋವ್ ರಾಜ್ಯಹಿತವಾದಿ. ಅನೇಕ ಶಕ್ತಿಕೇಂದ್ರಗಳ ಲೋಕ ಬೇಕೆಂದ ಅವರು, ಪ್ರಧಾನಿಯಾಗಿ 1998ರ ಡಿಸೆಂಬರಿನಲ್ಲಿ ದೆಹಲಿಗೆ ಬಂದಾಗ ರಷ್ಯಾ, ಭಾರತ, ಚೀನಾಗಳ ತ್ರಿಕೋನದ ಮಾತೆತ್ತಿದರು. ಮೂರನೆಯವರು ನಾಗರಿಕತಾವಾದಿಗಳು. 2023ರ ಮಾರ್ಚಿನಲ್ಲಿ ಹೊರಬಂದ ವಿದೇಶಾಂಗ ನೀತಿಯ ದಸ್ತಾವೇಜು ರಷ್ಯಾವನ್ನು ಒಂದು ‘ನಾಗರಿಕತಾ ರಾಜ್ಯ’ವೆಂದು ಬಣ್ಣಿಸಿತು.

ಇವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. 1999 ಮತ್ತು 2004ರಲ್ಲಿ ನೇಟೊ ಕೂಟ ಪೂರ್ವಕ್ಕೆ ವಿಸ್ತರಿಸಿದ್ದು ತಮ್ಮ ಭದ್ರತೆಗೆ ಧಕ್ಕೆಯೆಂಬ ರಾಜ್ಯಹಿತವಾದಿಗಳ ವಾದ ಲೌಕಿಕ ವಾದ. ಅದನ್ನು ಲೌಕಿಕ ಪ್ರಮಾಣಗಳಿಂದಲೇ ಒಪ್ಪಬಹುದು, ಅಲ್ಲಗಳೆಯಬಹುದು. ನಾಗರಿಕತಾವಾದವು ದೇವರ ಹೆಸರನ್ನು ಎಳೆದು ತಂದಾಗ ಮಾತ್ರ ಅದು ದೈವಶಾಸ್ತ್ರದ ಪ್ರಶ್ನೆಯಾಗುತ್ತದೆ. 2024ರ ಮಾರ್ಚಿನಲ್ಲಿ ಪೇಟ್ರಿಯಾರ್ಕ್ ಕಿರಿಲ್ ಅವರ ಅಧ್ಯಕ್ಷತೆಯ ವಿಶ್ವ ರಷ್ಯನ್ ಜನ ಪರಿಷತ್ತು ಉಕ್ರೇನಿನ ಯುದ್ಧವನ್ನು ‘ಪವಿತ್ರ ಯುದ್ಧ’ವೆಂದು ಕರೆಯಿತು. ಯುದ್ಧ ಪವಿತ್ರವೆಂದಾದ ಮೇಲೆ ಸಂಧಾನ ಪಾಪವಾಗುತ್ತದೆ, ಶತ್ರುವಿನ ಅಳಲು ಕೇಳಿಸದಂತಾಗುತ್ತದೆ. ಆ ಶತ್ರುವಾದರೂ ಅದೇ ವಿಶ್ವಾಸಪ್ರಮಾಣವನ್ನು ಪಠಿಸುವ ಸಹೋದರನು.

ಆರ್ಥೊಡಾಕ್ಸ್ ಪರಂಪರೆಗೆ ಈ ರೋಗದ ಪರಿಚಯವಿತ್ತು. 1872ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ಮಹಾಸಭೆಯು ಕುಲದ ಆಧಾರದ ಮೇಲೆ ಸಭೆಯನ್ನು ಕಟ್ಟುವುದನ್ನು ಪಾಷಂಡಮತವೆಂದು ಖಂಡಿಸಿತ್ತು. 2022ರ ಮಾರ್ಚಿನಲ್ಲಿ ಅನೇಕ ಆರ್ಥೊಡಾಕ್ಸ್ ದೈವಶಾಸ್ತ್ರಜ್ಞರು ‘ರಷ್ಯನ್ ಲೋಕ’ದ ಬೋಧನೆಯನ್ನು ಖಂಡಿಸಿದಾಗ ಆ ತೀರ್ಪನ್ನೇ ಆಧಾರವಾಗಿ ಹಿಡಿದರು.

5. ನಮಗೆ ಇದರಿಂದೇನು?

ಈ ವಾದಗಳು ಮಾಸ್ಕೋದಲ್ಲೇ ಉಳಿಯಲಿಲ್ಲ. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಬಲಿಯಾದನು. ಸಹಾಯಕರ ಕೆಲಸವೆಂದು ನಂಬಿ ಹೋದ ಕಲಬುರಗಿ ಕಡೆಯ ಯುವಕರು ರಷ್ಯಾದ ಸೈನ್ಯದಲ್ಲಿ ಸಿಲುಕಿ 2024ರಲ್ಲಿ ಮರಳಿದರು. ಮುಧೋಳ, ಜಮಖಂಡಿಗಳ ಅಡುಗೆಮನೆಗಳಿಗೆ ಬರುವ ಸೂರ್ಯಕಾಂತಿ ಎಣ್ಣೆಯ ಬೆಲೆಯಲ್ಲಿಯೂ ಆ ಯುದ್ಧ ಕಾಣಿಸಿಕೊಂಡಿತು.

ರಾಷ್ಟ್ರಗಳ ಯುದ್ಧ ಸಭೆಯೊಳಗೆ ನುಗ್ಗಿದ ನೆನಪು ನಮ್ಮಲ್ಲಿಯೂ ಇದೆ. 1914ರಲ್ಲಿ ಯೂರೋಪಿನ ಎರಡೂ ಪಕ್ಷಗಳ ಪ್ರಸಂಗಪೀಠಗಳಿಂದ ದೇವರು ನಮ್ಮ ಕಡೆಗಿದ್ದಾನೆಂಬ ಬೋಧೆ ಕೇಳಿಬಂತು. ಇಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳು ಬಂಧಿತರಾದರು. ಅದರ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕೈಬಿಟ್ಟುಹೋದವು. ಆದರೂ ಮಂಗಳೂರಿನಲ್ಲಿ, ಧಾರವಾಡದಲ್ಲಿ, ಮುಧೋಳಕ್ಕೆ ದೂರವಲ್ಲದ ಗುಳೇದಗುಡ್ಡದಲ್ಲಿ ಸಭೆ ಉಳಿಯಿತು. ಯಾವ ರಾಜ್ಯದ ಬಲವೂ ಅದರ ಅಸ್ತಿವಾರವಾಗಿರಲಿಲ್ಲ.

ಕೂಷ್ಯರನ್ನೂ ಫಿಲಿಷ್ಟಿಯರನ್ನೂ ಇಸ್ರಾಯೇಲಿನ ಪಕ್ಕದಲ್ಲಿ ನಿಲ್ಲಿಸಿ ಮಾತಾಡುವ ಆಮೋಸ 9:7 ಯಾವ ರಾಷ್ಟ್ರಕ್ಕೂ ದೇವರ ಮೇಲೆ ಗುತ್ತಿಗೆಯನ್ನು ಬಿಟ್ಟುಕೊಡುವುದಿಲ್ಲ. ನಮ್ಮ ನಾಡೂ ಇದಕ್ಕೆ ಹೊರತಲ್ಲ. 1 ತಿಮೊಥೆಯ 2ನೆಯ ಅಧ್ಯಾಯದ ಪ್ರಕಾರ ಪ್ರತಿ ಭಾನುವಾರ ಆಳುವವರಿಗಾಗಿ ಪ್ರಾರ್ಥಿಸುವ ಸಭಾಪಾಲಕರು ಆ ಪ್ರಾರ್ಥನೆಯಲ್ಲಿ ಏನನ್ನು ಬೇಡುತ್ತಾರೆಂಬುದು ಸಣ್ಣ ವಿಷಯವಲ್ಲ. ಜಯವನ್ನು ಮಾತ್ರ ಬೇಡುವ ಸಭೆ ಕ್ರಮೇಣ ಅರಮನೆಯ ಪೂಜಾರಿಯಾಗುತ್ತದೆ. ದೇಶದ ಕ್ಷೇಮದೊಡನೆ ಅಲ್ಲಿ ನ್ಯಾಯವೂ ನೆಲೆಸಲೆಂದು ಬೇಡುವ ಸಭೆಗೆ, ಒಡೆಯರು ಕೇಳಲಿ ಬಿಡಲಿ, ಪ್ರವಾದಿಯ ಧ್ವನಿ ಉಳಿಯುತ್ತದೆ.