ಚೀಲದೊಳಗೆ ಮೂರು ಮಕ್ಕಳು

ಹೋದ ವರ್ಷ ಒಂದು ಭಾನುವಾರ ಸಂಜೆ, ಗೆಳೆಯನ ಫ್ಲ್ಯಾಟಿನ ಡೈನಿಂಗ್ ಟೇಬಲ್ ಸುತ್ತ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತಾ ಇದ್ವಿ. ರಾಕ್ಷಸರ ಕೋಟೆಯಿಂದ ಮೂರು ಮಕ್ಕಳನ್ನು ಬಿಡಿಸಿಕೊಂಡು ಬರಬೇಕಿತ್ತು. ಬಾಗಿಲಲ್ಲಿ ಕಾವಲು. ನಾನು ಜಾಣನ ಹಾಗೆ ಹೇಳಿದೆ: 'ಮಕ್ಕಳನ್ನ ಬ್ಯಾಗ್ ಆಫ್ ಹೋಲ್ಡಿಂಗ್ ಒಳಗೆ ಹಾಕೋಣ.'

ನಮ್ಮ ಡಂಜನ್ ಮಾಸ್ಟರ್ ಏನೂ ಮಾತಾಡದೆ ಮೊಬೈಲಿನಲ್ಲಿ ಟೈಮರ್ ಇಟ್ಟಳು. 2014ರ ನಿಯಮದ ಪ್ರಕಾರ ಆ ಚೀಲದೊಳಗೆ ಉಸಿರಾಡುವ ಜೀವಿ 10 ನಿಮಿಷ ಬದುಕಬಹುದು. ಆದರೆ 10 ನಿಮಿಷವನ್ನು ಒಳಗಿರುವ ತಲೆಗಳ ಸಂಖ್ಯೆಯಿಂದ ಭಾಗಿಸಬೇಕು. ಮೂರು ಮಕ್ಕಳು ಅಂದರೆ 3 ನಿಮಿಷ 20 ಸೆಕೆಂಡು. ಆಮೇಲೆ ಉಸಿರು ಕಟ್ಟಲು ಶುರು. ಕಾವಲುಗಾರನೋ ಮಾತು ನಿಲ್ಲಿಸ್ತಾನೇ ಇಲ್ಲ. 'ಚೀಲದ ಬಾಯಿ ಒಂದು ಸಲ ತೆಗೆದು ಮುಚ್ಚಿದರೆ ಹೊಸ ಗಾಳಿ ಹೋಗಲ್ವಾ?' ಅಂತ ಒಬ್ಬ ಕೇಳಿದ. ನಿಯಮದಲ್ಲಿ ಅದರ ಬಗ್ಗೆ ಒಂದಕ್ಷರ ಇಲ್ಲ. ಮುಕ್ಕಾಲು ಗಂಟೆ ಜಗಳ ಆಯ್ತು ನೋಡಿ. ಇಲ್ಲದ ಮಕ್ಕಳಿಗಾಗಿ, ಇಲ್ಲದ ಚೀಲದ ಬಗ್ಗೆ!

ಈ ಚೀಲ ಆಟದಷ್ಟೇ ಹಳೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಮೊದಲ ಮೂರು ಪುಸ್ತಿಕೆಗಳಲ್ಲೇ ಅದಿದೆ. ವಿವರಣೆ ಹೀಗೆ: 10,000 ಚಿನ್ನದ ನಾಣ್ಯ ತುಂಬಿದರೂ 300 ನಾಣ್ಯದಷ್ಟೇ ಭಾರ. ತೂಕವನ್ನು ನಾಣ್ಯದಲ್ಲಿ ಯಾಕೆ ಅಳೆದರು? ಆಗ ಗುಹೆಯಿಂದ ಹೊತ್ತು ತಂದ ಚಿನ್ನವೇ ಅನುಭವದ ಅಂಕ. ಎಷ್ಟು ಹೊರುತ್ತೀರೋ ಅಷ್ಟು ಮೇಲೇರುತ್ತೀರಿ. ಹೆಚ್ಚು ಹೊತ್ತರೆ ನಡಿಗೆ ನಿಧಾನ, ನಿಧಾನವಾದರೆ ಬೆನ್ನ ಹಿಂದೆ ರಾಕ್ಷಸ. ಹಾಗಾಗಿ ಚೀಲ ಬರೀ ಲಗೇಜ್ ಆಗಿರಲಿಲ್ಲ, ಪ್ರಮೋಶನ್ನಿನ ಅಡ್ಡದಾರಿ ಆಗಿತ್ತು.

ಆ ಪುಸ್ತಿಕೆಗಳು ಕೊನೆಯಲ್ಲಿ, ಮಿಕ್ಕಿದ್ದನ್ನು ನೀವೇ ತೀರ್ಮಾನಿಸಿಕೊಳ್ಳಿ ಅನ್ನೋ ಧಾಟಿಯಲ್ಲಿ ಮುಗಿಯುತ್ತವೆ. ಆದರೆ ಆಟಗಾರರು ಸುಮ್ಮನಿರೋ ಜನವೇ? 1975ರ ಗ್ರೇಹಾಕ್ ಪುರವಣಿಯಲ್ಲಿ 'ಪೋರ್ಟಬಲ್ ಹೋಲ್', ಅಂದರೆ ಬಟ್ಟೆಯ ಹಾಗೆ ಮಡಚಿಡಬಹುದಾದ ಗುಂಡಿ ಬಂತು. ಚೀಲದೊಳಗೆ ಗುಂಡಿ, ಗುಂಡಿಯೊಳಗೆ ಚೀಲ ಇಟ್ಟರೆ ಏನಾಗುತ್ತೆ? 1979ರ ಡಂಜನ್ ಮಾಸ್ಟರ್ಸ್ ಗೈಡ್ ಉತ್ತರ ಕೊಟ್ಟಿತು, ಅದೂ ಎರಡು ಉತ್ತರ. ಗುಂಡಿಯೊಳಗೆ ಚೀಲ ಇಟ್ಟರೆ ಆಸ್ಟ್ರಲ್ ಲೋಕಕ್ಕೆ ಬಿರುಕು ಬಿದ್ದು ಎರಡೂ ಮಾಯ. ಚೀಲದೊಳಗೆ ಗುಂಡಿ ಇಟ್ಟರೆ 10 ಅಡಿ ಸುತ್ತ ಇರುವವರೂ ಜೊತೆಗೇ ಹೋಗ್ತಾರೆ. ದುರಾಸೆಗೆ ಬೇಲಿ ಹಾಕಲು ಬರೆದ ನಿಯಮ ಇದು. ಆಟಗಾರರು ಅದನ್ನೇ ಬಾಂಬ್ ಮಾಡಿಕೊಂಡರು: ಎರಡನ್ನೂ ಬಾಣದ ತುದಿಗೆ ಕಟ್ಟಿ ಡ್ರ್ಯಾಗನ್ ಕಡೆ ಬಿಡೋದು! ಬೇಲಿಯನ್ನೇ ಕಿತ್ತು ಕೋಲು ಮಾಡಿಕೊಂಡ ಹಾಗೆ.

ಉಸಿರಿನ ನಿಯಮದ್ದೂ ಇದೇ ಕಥೆ. 2000ದ ಮೂರನೇ ಆವೃತ್ತಿಯಲ್ಲಿ 10 ನಿಮಿಷ ಅಂತ ಮಾತ್ರ ಇತ್ತು. ಒಬ್ಬರಿಗೋ ನಾಲ್ವರಿಗೋ ಹೇಳಿರಲಿಲ್ಲ. 2014ರ ಐದನೇ ಆವೃತ್ತಿ ಭಾಗಾಕಾರ ಸೇರಿಸಿತು. ಹೀಗೆ ಒಂದು ತೂತು ಮುಚ್ಚಿದರೆ ಇನ್ನೊಂದು ಕಾಣುತ್ತೆ. ಅದೇ ಆವೃತ್ತಿಯಲ್ಲಿ ಚೀಲದ ಮಿತಿ 500 ಪೌಂಡು ಮತ್ತು 64 ಘನ ಅಡಿ. ಲೆಕ್ಕ ಹಾಕಿ ನೋಡಿ: 64 ಘನ ಅಡಿ ಅಂದರೆ ಸುಮಾರು 1,800 ಲೀಟರ್ ಜಾಗ. ಆದರೆ 500 ಪೌಂಡು ಅಂದರೆ 227 ಕೆಜಿಗೂ ಸ್ವಲ್ಪ ಕಮ್ಮಿ. ನಮ್ಮ 20 ಲೀಟರಿನ ನೀರಿನ ಕ್ಯಾನ್ ಹನ್ನೊಂದು ಇಟ್ಟರೆ ನೀರೇ 220 ಕೆಜಿ. ಖಾಲಿ ಕ್ಯಾನುಗಳ ತೂಕ ಸೇರಿಸಿದರೆ ಹನ್ನೊಂದನೆಯದಕ್ಕೆ ಗಂಡಾಂತರ. ಜಾಗ ಮುಕ್ಕಾಲಿಗಿಂತ ಹೆಚ್ಚು ಖಾಲಿ ಇರುವಾಗಲೇ ಚೀಲ ಹರಿದು, ಸಾಮಾನೆಲ್ಲ ಆಸ್ಟ್ರಲ್ ಲೋಕದಲ್ಲಿ ಚೆಲ್ಲಾಪಿಲ್ಲಿ.

ನಮಗೆ ಈ ತರದ ತಕರಾರು ಹೊಸದೇನಲ್ಲ. ಅಕ್ಷಯಪಾತ್ರೆಯ ಕಥೆ ನೆನಪಿಸಿಕೊಳ್ಳಿ. ದ್ರೌಪದಿ ಉಣ್ಣುವ ತನಕ ಅನ್ನ ಅಕ್ಷಯ, ಉಂಡ ಮೇಲೆ ಆ ದಿನಕ್ಕೆ ಮುಗೀತು. ಅದು ಐಟಮ್ಮಿನ ನಿಯಮ. ಅವಳ ಊಟ ಆದ ಮೇಲೇ ದುರ್ವಾಸರನ್ನು ಶಿಷ್ಯರ ಸಮೇತ ಕಳಿಸಿದ್ದು ದುರ್ಯೋಧನನ ಲೂಪ್‌ಹೋಲ್. ಕೃಷ್ಣ ಪಾತ್ರೆಗೆ ಅಂಟಿದ್ದ ಚೂರನ್ನು ತಾನು ತಿಂದು, ಬಂದವರ ಹೊಟ್ಟೆಯನ್ನೆಲ್ಲ ತುಂಬಿಸಿದ. ಪಾತ್ರೆಯ ನಿಯಮ ಮುರಿಯಲಿಲ್ಲ. ಆದರೆ ನಿಯಮ ಯಾರನ್ನು ಕಾಯಬೇಕಿತ್ತೋ ಅವರು ಉಳಿದರು.

ಮೇಜಿನ ಸುತ್ತ ನಿಜಕ್ಕೂ ಪಣಕ್ಕಿರೋದು ಇದೇ. ಚೀಲ ಸುಳ್ಳು, ಮಕ್ಕಳು ಸುಳ್ಳು. ಆದರೆ ಐದು ಜನ ಒಂದೇ ಸುಳ್ಳನ್ನು ಒಟ್ಟಿಗೆ ನಂಬಿದ್ದೀವಲ್ಲ, ಆ ನಂಬಿಕೆ ಸುಳ್ಳಲ್ಲ. ಡಂಜನ್ ಮಾಸ್ಟರ್ ಮನಸ್ಸಿಗೆ ಬಂದ ಹಾಗೆ ತೀರ್ಪು ಕೊಟ್ಟರೆ ನಮ್ಮ ಆಯ್ಕೆಗಳಿಗೆ ಬೆಲೆ ಇರಲ್ಲ. ನಾವು ಅಕ್ಷರ ಹಿಡಿದು ಜಗ್ಗಾಡಿದರೆ ಅವಳು ಕಟ್ಟಿದ ಲೋಕಕ್ಕೆ ಬೆಲೆ ಇರಲ್ಲ.

ಅವತ್ತು ಅವಳು ಟೈಮರ್ ನಿಲ್ಲಿಸಿ ಹೇಳಿದಳು: 'ಬಾಯಿ ತೆಗೆದರೆ ಹೊಸ ಗಾಳಿ, ಒಪ್ಪಿದೆ. ಆದರೆ ಚೀಲದಿಂದ ಅಳು ಕೇಳಿಸಬಹುದು, ಡೈಸ್ ಹಾಕಿ. ಇನ್ನೊಂದು, ಇದೇ ನಿಯಮ ನಿಮ್ಮ ಶತ್ರುಗಳಿಗೂ. ಒಪ್ಪಿಗೆನಾ?' ಒಪ್ಪಿದೆವು. ಡೈಸ್ ಕೈಹಿಡಿಯಿತು, ಮಕ್ಕಳು ಹೊರಬಂದರು.

ಎರಡು ವಾರದ ನಂತರ ಕಳ್ಳರ ಗುಂಪೊಂದು ನನ್ನ ಮಾಂತ್ರಿಕನನ್ನೇ ಚೀಲಕ್ಕೆ ತುರುಕಿ, ಒಂಬತ್ತು ನಿಮಿಷಕ್ಕೊಮ್ಮೆ ಬಾಯಿ ತೆಗೆದು ಮುಚ್ಚುತ್ತಾ ಎರಡು ದಿನ ಹೊತ್ತುಕೊಂಡು ಹೋಯ್ತು. ನಾನು ತಕರಾರು ಮಾಡಲಿಲ್ಲ.