ರೇಡಿಯೋ ಚೆಕ್, ಓವರ್

2015ರ ಡಿಸೆಂಬರ್ 1ರ ರಾತ್ರಿ ವೇಳಚೇರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊದಲು ಹೋದದ್ದು ಕರೆಂಟು, ಆಮೇಲೆ ಲಿಫ್ಟು. ನೀರು ಕಾರುಗಳ ಕಿಟಕಿ ಮುಟ್ಟುವ ಹೊತ್ತಿಗೆ ಮನೆಮನೆಯ ಇನ್ವರ್ಟರ್‌ಗಳೂ ಒಂದೊಂದಾಗಿ ಕೂಗಿ ಸುಮ್ಮನಾದವು. ಬೆಳಗಿನ ಜಾವ ಎದ್ದು ನೋಡಿದರೆ ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಹತ್ತಿರದ ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಮಳೆ ಬಿದ್ದದ್ದು, ಚೆಂಬರಂಬಾಕ್ಕಂ ಕೆರೆಯಿಂದ 29,000 ಕ್ಯೂಸೆಕ್ ನೀರು ಬಿಟ್ಟದ್ದು, ವಿಮಾನ ನಿಲ್ದಾಣ ಮುಚ್ಚಿದ್ದು, ಇದೆಲ್ಲ ನಮಗೆ ತಿಳಿದದ್ದು ದಿನಗಳ ಮೇಲೆ. 1878ರಲ್ಲಿ ಶುರುವಾದ ‘ದಿ ಹಿಂದೂ’ ಪತ್ರಿಕೆಯೇ ಡಿಸೆಂಬರ್ 2ರಂದು ಅಚ್ಚಾಗಲಿಲ್ಲ, ಕೆಲಸಗಾರರು ಮುದ್ರಣಾಲಯ ತಲುಪಲಾಗದೆ.

ಆಫೀಸಿನಲ್ಲಿ ‘ಡಿಸಾಸ್ಟರ್ ರಿಕವರಿ’ ಸ್ಲೈಡುಗಳನ್ನು ಲೆಕ್ಕವಿಲ್ಲದಷ್ಟು ಸಲ ತೋರಿಸಿದವನು ನಾನು. ಅಂದು ಹಾಸನದಲ್ಲಿದ್ದ ಅಮ್ಮನಿಗೆ ‘ಚೆನ್ನಾಗಿದೀನಿ’ ಎಂದು ಹೇಳಲು ನನ್ನ ಹತ್ತಿರ ಒಂದು ದಾರಿಯೂ ಇರಲಿಲ್ಲ. ಹಾಸನ ಹಾಗಿರಲಿ, ಎದುರಿನ ಬ್ಲಾಕಿನ ನೆಲಮಹಡಿಯಿಂದ ಮೇಲೆ ಸಾಗಿಸಿದ್ದ ವೃದ್ಧರೊಬ್ಬರ ಇನ್ಸುಲಿನ್ ಮುಗಿದಿದೆ ಎಂಬ ಸುದ್ದಿ ಎಂಬತ್ತು ಮೀಟರ್ ದಾಟಿ ನಮ್ಮ ಬ್ಲಾಕಿಗೆ ಬರಬೇಕಾಗಿತ್ತು.

ಅದು ಬಂದದ್ದು ವಾಕಿಟಾಕಿಯಲ್ಲಿ. ನಮ್ಮ ಸೆಕ್ಯುರಿಟಿ ಸೂಪರ್‌ವೈಸರ್ ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ನಾವೆಲ್ಲ ಅವರನ್ನು ‘ಅಯ್ಯಾ’ ಎನ್ನುತ್ತಿದ್ದೆವು. ದಿನಾ ಬೆಳಿಗ್ಗೆ ಆರಕ್ಕೆ ಗೇಟಿನ ಬಳಿ ನಿಂತು “ರೇಡಿಯೋ ಚೆಕ್, ಓವರ್” ಎಂದು ಒಂದೊಂದು ಸೆಟ್ಟನ್ನೂ ಕರೆದು ಉತ್ತರ ಪಡೆಯುತ್ತಿದ್ದರು. ನಿದ್ದೆ ಕೆಡುತ್ತದೆ ಎಂದು ಅಸೋಸಿಯೇಷನ್ನಿಗೆ ದೂರು ಹೋಗಿತ್ತು. ದೂರಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಈ ಚಿಕ್ಕ ಪೆಟ್ಟಿಗೆಯ ಚರಿತ್ರೆ ಓದತೊಡಗಿದ್ದು ಆಮೇಲೆ. ಮದ್ರಾಸಿಗೂ ರೇಡಿಯೋಗೂ ಹಳೆಯ ನಂಟು. ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಮುಂದಾಳುತನದ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ 1924ರಲ್ಲೇ ಪ್ರಸಾರ ಆರಂಭಿಸಿತ್ತು, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲಿ ‘ಆಕಾಶವಾಣಿ’ ಶುರುಮಾಡುವುದಕ್ಕೆ ಹನ್ನೊಂದು ವರ್ಷ ಮೊದಲು. ಮದ್ರಾಸಿನ ಕ್ಲಬ್ ಮೂರು ವರ್ಷಕ್ಕೆ ಹಣವಿಲ್ಲದೆ ನಿಂತಿತು. ಟ್ರಾನ್ಸ್‌ಮಿಟರ್ ಪಡೆದ ಕಾರ್ಪೊರೇಷನ್ 1930ರಿಂದ ತಾನೇ ಪ್ರಸಾರ ನಡೆಸಿತು. ಆದರೆ ಅವೆಲ್ಲ ಒಬ್ಬ ಹೇಳುವ, ಊರು ಕೇಳುವ ರೇಡಿಯೋ. ಕೇಳುವವನೂ ತಿರುಗಿ ಮಾತಾಡಬಲ್ಲ, ಅಂಗೈಯಲ್ಲಿ ಹಿಡಿಯಬಲ್ಲ ಯಂತ್ರ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಎರಡನೇ ಮಹಾಯುದ್ಧದಲ್ಲಿ.

ಮುಂದೆ ಮೊಟೊರೊಲಾ ಎಂದು ಹೆಸರಾದ ಅಮೆರಿಕದ ಕಂಪನಿ ಸೈನ್ಯಕ್ಕೆ ಎರಡು ಸೆಟ್ ಮಾಡಿಕೊಟ್ಟಿತು. ಬೆನ್ನಿಗೆ ಕಟ್ಟಿಕೊಳ್ಳುವ, ಹದಿನೈದು ಕಿಲೋಗೂ ಮಿಕ್ಕಿ ತೂಗುವ ಎಸ್‌ಸಿಆರ್-300ಕ್ಕೆ ‘ವಾಕಿಟಾಕಿ’ ಎಂದು ಹೆಸರು. ಕೈಯಲ್ಲಿ ಹಿಡಿಯುವ ಎಸ್‌ಸಿಆರ್-536ಕ್ಕೆ ‘ಹ್ಯಾಂಡಿಟಾಕಿ’. ಈಗ ನಾವು ಕೈಯಲ್ಲಿ ಹಿಡಿದು ವಾಕಿಟಾಕಿ ಎನ್ನುವುದು ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟಂತೆ. ಆ ಹ್ಯಾಂಡಿಟಾಕಿಯಲ್ಲಿ ಐದು ವಾಲ್ವು, ತೂಕ ಎರಡು ಕಿಲೋಗೂ ಹೆಚ್ಚು, ನೆಲದ ಮೇಲೆ ಮಾತು ಮುಟ್ಟುತ್ತಿದ್ದುದು ಹೆಚ್ಚೆಂದರೆ ಒಂದು ಮೈಲಿ. ಏರಿಯಲ್ ಹೊರಕ್ಕೆ ಎಳೆದರೆ ಸೆಟ್ ಆನ್, ಒಳಕ್ಕೆ ತಳ್ಳಿದರೆ ಆಫ್.

ನಮ್ಮಲ್ಲಿ ಮಾತ್ರ ಈ ಯಂತ್ರ ಮೊದಲಿನಿಂದಲೂ ಅನುಮಾನದ ವಸ್ತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಸೆಟ್ ಇಟ್ಟುಕೊಳ್ಳುವುದೇ ಅಪರಾಧ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಹವ್ಯಾಸಿಗಳ ಲೈಸೆನ್ಸುಗಳನ್ನೂ ನಿಲ್ಲಿಸಿತು. ಸ್ವಾತಂತ್ರ್ಯ ಬಂದ ಮೇಲೂ ಅನುಮಾನ ಕರಗಲಿಲ್ಲ, ಮದ್ರಾಸಿನಲ್ಲಂತೂ ಅದಕ್ಕೆ ಕಾರಣವೂ ಇತ್ತು. 1986ರ ನವೆಂಬರಿನಲ್ಲಿ ಪೊಲೀಸರು ಎಲ್‌ಟಿಟಿಇಯ ವೈರ್‌ಲೆಸ್ ಸಲಕರಣೆ ವಶಪಡಿಸಿಕೊಂಡಾಗ ಪ್ರಭಾಕರನ್ ಇದೇ ಊರಿನಲ್ಲಿ ಉಪವಾಸ ಕೂತ, ಸಲಕರಣೆ ವಾಪಸಾಯಿತು. 1991ರಲ್ಲಿ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದ ಮೇಲೆ, ಸಂಚುಕೋರರು ಮದ್ರಾಸಿನಿಂದ ಜಾಫ್ನಾಕ್ಕೆ ವೈರ್‌ಲೆಸ್ಸಿನಲ್ಲಿ ಸಂದೇಶ ಕಳಿಸುತ್ತಿದ್ದುದು ತನಿಖೆಯಲ್ಲಿ ಹೊರಬಂತು. ರಾಜೀವ್ ಗಾಂಧಿ ಸ್ವತಃ ಲೈಸೆನ್ಸು ಪಡೆದ ಹ್ಯಾಮ್ ರೇಡಿಯೋ ಹವ್ಯಾಸಿ. ವಿಯು2ಆರ್‌ಜಿ ಅವರ ಕರೆಸಂಕೇತ. ಇದನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅದೇ ಸರ್ಕಾರಕ್ಕೆ ಅದೇ ಹವ್ಯಾಸಿಗಳು ಬೇಕಾದದ್ದು 2004ರ ಡಿಸೆಂಬರ್ 26ರಂದು. ಬಹಳ ವರ್ಷಗಳ ನಂತರ ಅಂಡಮಾನಿನಲ್ಲಿ ಹ್ಯಾಮ್ ರೇಡಿಯೋಗೆ ಅನುಮತಿ ಸಿಕ್ಕಿ, ಭಾರತಿ ಪ್ರಸಾದ್ ಅವರ ತಂಡ ಆ ತಿಂಗಳ ಆರಂಭದಿಂದ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸಕ್ಕಾಗಿ ಜಗತ್ತಿನೊಡನೆ ಮಾತಾಡುತ್ತಿತ್ತು. ಸುನಾಮಿ ಬಂದು ದ್ವೀಪಗಳ ಫೋನು ಸತ್ತಾಗ ಆ ಸೆಟ್ಟುಗಳೇ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದವು. ಅವು ಅಂಗೈ ಸೆಟ್ಟುಗಳಲ್ಲ. ಚೆನ್ನೈಯಿಂದ ಪೋರ್ಟ್ ಬ್ಲೇರ್ 1,300 ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರಕ್ಕೆ ಆಕಾಶದ ಅಯಾನುಗೋಳಕ್ಕೆ ತಾಗಿ ಮರಳುವ ಶಾರ್ಟ್‌ವೇವ್ ಬೇಕು.

ಅಂಗೈ ಸೆಟ್ಟಿನ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಭೂಮಿಯ ಬಾಗುವಿಕೆಯೇ ಅದಕ್ಕೆ ಗೋಡೆ. ಲೆಕ್ಕ ಸುಲಭ: ಏರಿಯಲ್ಲಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅಲೆ ಕಾಣುವ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. ಎರಡು ಕಡೆಯ ದೂರ ಕೂಡಿಸಬೇಕು. ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ ಹಿಡಿದ ಇಬ್ಬರ ನಡುವೆ, ಬಯಲು ಸಮುದ್ರದಲ್ಲೇ, ಸುಮಾರು 10 ಕಿಲೋಮೀಟರ್. ಕಾಂಕ್ರೀಟ್ ಕಟ್ಟಡಗಳ ನಡುವೆ ಎರಡು ಕಿಲೋಮೀಟರ್ ಸಿಕ್ಕರೆ ಪುಣ್ಯ. ಚೆನ್ನೈ ತಟ್ಟೆಯಂಥ ಊರು, ಪರಂಗಿಮಲೆಯಂಥ ಒಂದೆರಡು ಗುಡ್ಡ ಬಿಟ್ಟರೆ ಏರಿ ನಿಲ್ಲಲು ಜಾಗವಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕನ್ಯಾಕುಮಾರಿಯ ಮೀನುಗಾರರಿಗೆ ಆದದ್ದೂ ಇದೇ. ದೋಣಿಯಿಂದ ದೋಣಿಗೆ ಮಾತಾಡಲು ಸಾಕಾಗುವ ಸೆಟ್ಟು, ದಿನಗಟ್ಟಲೆ ಮೊದಲೇ ಆಳ ಸಮುದ್ರಕ್ಕೆ ಹೋದವರಿಗೆ ದಡದ ಎಚ್ಚರಿಕೆ ಮುಟ್ಟಿಸಲಾರದು.

ಮತ್ತೆ ನಮ್ಮ ಅಯ್ಯಾ. ಅಪಾರ್ಟ್‌ಮೆಂಟಿನಲ್ಲಿ ಆರು ಸೆಟ್ ಇದ್ದವು, ಎರಡು ಮೊದಲ ರಾತ್ರಿಯೇ ನೀರು ಕುಡಿದು ಹೋದವು. ಉಳಿದ ನಾಲ್ಕರಲ್ಲಿ ಎರಡನ್ನು ಅವರು ಪೂರ್ತಿ ಆಫ್ ಮಾಡಿಸಿದರು. ಇನ್ನೆರಡನ್ನು ಗಂಟೆಗೊಮ್ಮೆ, ಗಡಿಯಾರ ನೋಡಿ, ಐದೇ ನಿಮಿಷ ಆನ್. ಅಷ್ಟರಲ್ಲಿ ಹೇಳುವುದನ್ನೆಲ್ಲ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಕೇಳುವುದಕ್ಕಿಂತ ಮಾತಾಡುವುದಕ್ಕೆ ಬ್ಯಾಟರಿ ಹಲವು ಪಟ್ಟು ಖರ್ಚಾಗುತ್ತದೆ ಎಂದು ನನಗೆ ಗೊತ್ತಾದದ್ದು ಎಂಟೆಕ್ ಮುಗಿಸಿ ಎಷ್ಟೋ ವರ್ಷದ ಮೇಲೆ, ಆ ಮೆಟ್ಟಿಲ ಮೇಲೆ ಕೂತಾಗ. ನಾನು ಗುಂಡಿ ಒತ್ತಿದ ಕ್ಷಣವೇ ಮಾತು ಶುರುಮಾಡಿದೆ, ಮೊದಲ ಪದ ತುಂಡಾಗಿ ‘ಇನ್ಸುಲಿನ್ ಇಲ್ಲ’ ಎಂಬುದು ಆ ಕಡೆಗೆ ಬರೀ ‘ಇಲ್ಲ’ ಆಯಿತು. ಒತ್ತಿ, ಒಂದು ಉಸಿರು ಬಿಟ್ಟು, ಸೆಟ್ಟನ್ನು ಬಾಯಿಂದ ಮೂರು ಬೆರಳು ದೂರ ಹಿಡಿದು ಮಾತಾಡಿ ಎಂದು ಅಯ್ಯಾ ತಮಿಳಿನಲ್ಲೇ ತಿದ್ದಿದರು. ಮೂರನೇ ಮಹಡಿಯ ಫ್ರಿಜ್ಜೊಂದರಲ್ಲಿದ್ದ ಇನ್ಸುಲಿನ್ ಬಕೆಟ್ಟಿನಲ್ಲಿ ತೇಲುತ್ತ ಎದುರು ಬ್ಲಾಕಿಗೆ ಹೋಯಿತು.

ಆ ಸೆಟ್ಟುಗಳಿಗೆ ಲೈಸೆನ್ಸ್ ಇತ್ತೇ? ಆಗ ಯಾರೂ ಕೇಳಲಿಲ್ಲ. ಈಗ ಕೇಳಬೇಕು. 446.0ಯಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ 2018ರಿಂದ ಲೈಸೆನ್ಸ್ ಬೇಕಿಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಅನೇಕ ಸೆಟ್ಟುಗಳು ಈ ಗೆರೆ ದಾಟಿ, ಪೊಲೀಸರ ಅಲೆಗಳ ಹತ್ತಿರಕ್ಕೂ ಹೋಗಬಲ್ಲವು. ಅಂಥ ಮಾರಾಟ ತಡೆಯಲೆಂದೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ತಂದಿತು. ಹೆಚ್ಚು ಶಕ್ತಿ ಬೇಕಾದವರು ಹ್ಯಾಮ್ ಪರೀಕ್ಷೆ ಬರೆಯಬಹುದು. ಹನ್ನೆರಡು ವರ್ಷ ತುಂಬಿದ್ದರೆ ಸಾಕು. ನನ್ನ ಮಗಳು ಓದುತ್ತಿದ್ದಾಳೆ, ನಾನು ಓದುವ ನಾಟಕ ಮಾಡುತ್ತಿದ್ದೇನೆ.

ಅಯ್ಯಾ ಈಗ ತಿರುನೆಲ್ವೇಲಿಯ ತಮ್ಮ ಊರಿನಲ್ಲಿದ್ದಾರೆ. ಹೋಗುವ ಮೊದಲು ಸೆಟ್ಟುಗಳನ್ನು ನನಗೆ ಒಪ್ಪಿಸಿ ಕೆಲವು ಮಾತು ಹೇಳಿದ್ದರು. ಏರಿಯಲ್ ಹಿಡಿದು ಎತ್ತಬೇಡಿ, ಅದು ಕೈಪಿಡಿಯಲ್ಲ. ಏರಿಯಲ್ ಬಿಚ್ಚಿ ಗುಂಡಿ ಒತ್ತಿದರೆ ಸೆಟ್ಟೇ ಸುಟ್ಟೀತು. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿಡಿ. ಕಡಲಗಾಳಿಯ ಉಪ್ಪಿಗೆ ಚಾರ್ಜಿಂಗ್ ಬಿಲ್ಲೆಗಳು ಹಸಿರುಗಟ್ಟುತ್ತವೆ, ಮಕ್ಕಳ ರಬ್ಬರಿನಿಂದ ಉಜ್ಜಿ.

ಈಗಿನ ಸೆಟ್ಟುಗಳು ಲೈಸೆನ್ಸ್ ಬೇಡದವು. ಭಾನುವಾರ ಬೆಳಿಗ್ಗೆ ಏಳಕ್ಕೆ ಬಾಲ್ಕನಿಯಲ್ಲಿ ನಿಂತು ಒಂದೊಂದನ್ನೂ ಕರೆಯುತ್ತೇನೆ. ಕಳೆದ ತಿಂಗಳು ವಾಟ್ಸಾಪ್ ಗುಂಪಿನಲ್ಲಿ ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು ಕೇಳಿದ್ದರು, ಯಾರದು ರಜೆಯ ದಿನವೂ ಬೆಳಬೆಳಿಗ್ಗೆ ಓವರ್, ಓವರ್ ಎಂದು ಕೂಗುವುದು ಅಂತ.